ಜಾಮ್ ಆಗದ ಮೋಟಾರು

ವಿಲ್ಮರ್ ಟೀಡಮನ್ ಬದುಕಿದ್ದಷ್ಟು ದಿನ ಆ ಮೋಟಾರಿನ ಬಗ್ಗೆ ಆಡಿದ್ದು ಒಂದೇ ಮಾತು. "ಅದು ಜಾಮ್ ಆಗಿದೆ, ಮುಟ್ಟಬೇಡಿ." ಶೆಡ್ಡಿನ ತೊಲೆಗೆ ತಂತಿ ಕಟ್ಟಿ ತೂಗುಹಾಕಿದ್ದ, ದೋಣಿಯ ಹಿಂಬದಿಗೆ ಸಿಕ್ಕಿಸುವ ಹಾಲ್‌ಗ್ರೆನ್ ಕಂಪನಿಯ ಮೋಟಾರು ಅದು. 1919ರದು. ಒಂದೇ ಸಿಲಿಂಡರು, ಹಿತ್ತಾಳೆ ಟ್ಯಾಂಕು, ತಲೆಯ ಮೇಲೆ ರೊಟ್ಟಿ ಹಂಚಿನಷ್ಟು ಅಗಲದ ಕಬ್ಬಿಣದ ಗಾಲಿ, ಗಾಲಿಯ ಅಂಚಿಗೊಂದು ಮರದ ಗುಬುಟು. ಹಗ್ಗ ಎಳೆದು ಶುರುಮಾಡುವ ಕಾಲಕ್ಕಿಂತ ಹಿಂದಿನ ಮಾಲು. ಗುಬುಟು ಹಿಡಿದು ಗಾಲಿಯನ್ನು ಬೀಸಬೇಕು, ಮೋಟಾರು ಹೊತ್ತಿಕೊಂಡ ಕ್ಷಣವೇ ಕೈ ಬಿಡಬೇಕು. ಬಿಡಲು ತಡಮಾಡಿದವರ ಬೆರಳುಗಳು ಟ್ಯಾಮರಾಕ್ ಸರೋವರದ ಸುತ್ತಮುತ್ತ ಈಗಲೂ ಸೊಟ್ಟಗಿವೆ.

ಅವನು ತೀರಿಕೊಂಡು ಮೂರು ವರ್ಷವಾದ ಮೇಲೆ, ಮೇ ತಿಂಗಳ ಒಂದು ಭಾನುವಾರ ಅವನ ಹೆಂಡತಿ ಆರ್ಡಿಸ್ ಮಗಳಿಗೆ ಫೋನು ಮಾಡಿದಳು.

"ನಿಮ್ಮಪ್ಪನ ಗುಜರಿ ತಗೊಂಡು ಹೋಗೇ. ತಲೆ ಮೇಲೆ ಬಿದ್ದು ಸತ್ತುಗಿತ್ತು ಹೋದ್ರೆ ಪೇಪರಿನೋರು ಮತ್ತೆ ಫೋಟೋ ಹಾಕ್ತಾರೆ."

ಮಗಳು ಲೆನೋರ್ ಹೇಳಿಸಿಕೊಳ್ಳಲು ಕಾಯುತ್ತಿದ್ದವಳ ಹಾಗೆ ಅರ್ಧ ಗಂಟೆಯಲ್ಲಿ ಪಿಕಪ್ ಗಾಡಿ ತಂದು ನಿಲ್ಲಿಸಿದಳು. ಐವತ್ನಾಲ್ಕು ವಯಸ್ಸಿನ ಅವಳು ವಾರವಿಡೀ ಶಾಲಾ ಬಸ್ಸುಗಳ ರಿಪೇರಿ ಮಾಡುತ್ತಾಳೆ. ಶನಿವಾರ ಭಾನುವಾರ ಬಸ್ಸು ಸಾಕಾಗದೆ ಹಳೆಯ ದೋಣಿ ಮೋಟಾರುಗಳನ್ನು ಬಿಚ್ಚುತ್ತಾಳೆ. ಮುಚ್ಚಿದ ಡಬ್ಬಿ ಕಂಡರೆ ಒಳಗೇನಿದೆ ಎಂದು ನೋಡದೆ ಊಟ ಸೇರದ ಹೆಂಗಸು. ಅಪ್ಪನ ಶೆಡ್ಡಿನಲ್ಲಿ ತೂಗುತ್ತಿದ್ದ ಆ ಒಂದು ಮೋಟಾರು ಅವಳ ಬಾಲ್ಯದಿಂದಲೂ ಅವಳನ್ನು ಅಣಕಿಸುತ್ತಲೇ ಇತ್ತು.

ಗ್ಯಾರೇಜಿನ ಬೆಂಚಿನ ಮೇಲೆ ಮೋಟಾರನ್ನು ಕೂರಿಸಿ, ಜಾಮ್ ಬಿಡಿಸಲು ಬೇಕಾದ ಸೀಮೆಎಣ್ಣೆ, ಮರದ ಸುತ್ತಿಗೆ, ಹಳೇ ಬನಿಯನ್ ಎಲ್ಲ ಜೋಡಿಸಿಕೊಂಡಳು. ಇಂಥ ಕೆಲಸಕ್ಕೆ ವಾರಗಟ್ಟಲೆ ತಾಳ್ಮೆ ಬೇಕು. ಶುರುಮಾಡುವ ಮುಂಚೆ ಸುಮ್ಮನೆ ಎರಡು ಬೆರಳಿನಿಂದ ಗುಬುಟನ್ನು ನೂಕಿದಳು. ಗಾಲಿ ಸರ್ರನೆ ಒಂದು ಸುತ್ತು ಬಂತು. ಒಳಗಿನಿಂದ ಗಾಳಿ ಒತ್ತಿ ಬಿಟ್ಟಂತೆ 'ಫುಸ್' ಎಂದಿತು. ಇನ್ನೊಮ್ಮೆ ನೂಕಿದಳು. ಇನ್ನೊಂದು ಸುತ್ತು, ಇನ್ನೊಂದು 'ಫುಸ್'.

ಲೆನೋರ್ ಸ್ಟೂಲಿನ ಮೇಲೆ ಕೂತುಬಿಟ್ಟಳು. ಹುಟ್ಟಿದಾಗಿನಿಂದ ಕೇಳಿದ ಮಾತು ಸುಳ್ಳಾಗಿತ್ತು. ಅದೂ ಅಪ್ಪ ಹೇಳಿದ ಸುಳ್ಳು. ಮೀನು ಹಿಡಿದ ಲೆಕ್ಕವನ್ನೂ ಕಮ್ಮಿ ಮಾಡಿ ಹೇಳುತ್ತಿದ್ದ ಅಪ್ಪ.

ಪ್ಲಗ್ ಬಿಚ್ಚಿ ಟಾರ್ಚು ಹಿಡಿದು ಇಣುಕಿದಳು. ಸಿಲಿಂಡರಿನ ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೆರಳಿಗೆ ಹತ್ತಿದ ಎಣ್ಣೆ ತೆಳ್ಳಗಿತ್ತು, ತಿಳಿಯಾಗಿತ್ತು. ಐವತ್ತು ವರ್ಷದ ಹಿಂದೆ ಹಾಕಿದ್ದಾದರೆ ಅದು ಡಾಂಬರಾಗಿರಬೇಕಿತ್ತು. ಮೋಟಾರಿನ ಜೊತೆಗೇ ಒಂದು ಮರದ ಪೆಟ್ಟಿಗೆ ಇತ್ತು, ಕಿಡಿಗೆ ಬೇಕಾದ ಬ್ಯಾಟರಿ ಕಾಯಿಲು ಇಡುವ ಪೆಟ್ಟಿಗೆ. ಅದರ ಮುಚ್ಚಳ ತೆಗೆದಾಗ ಒಳಮೈಯಲ್ಲಿ ಪೆನ್ಸಿಲ್ ಗೀಟುಗಳು ಕಂಡವು. ಐದೈದರ ಕಟ್ಟು.

ಅಪ್ಪನ ಗೀಟುಗಳನ್ನು ಗುರುತಿಸಲು ಅವಳಿಗೆ ಕನ್ನಡಕ ಬೇಕಿರಲಿಲ್ಲ. ಅಂಚೆ ಹಂಚುತ್ತಿದ್ದ ಆ ಮನುಷ್ಯನಿಗೆ ಎಲ್ಲಕ್ಕೂ ಗೀಟು ಎಳೆಯುವ ಚಟ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಎಣ್ಣೆ ಹಾಕಿದರೆ ಶೆಡ್ಡಿನ ಬಾಗಿಲ ಮೇಲೊಂದು ಗೀಟು, ಬಾವಿ ಪಂಪಿಗೆ ಹಾಕಿದರೆ ಪಂಪಿನ ಹಲಗೆಯ ಮೇಲೊಂದು ಗೀಟು. ಇಲ್ಲಿ ಐವತ್ಮೂರು ಇದ್ದವು. ವರ್ಷಕ್ಕೊಂದರಂತೆ ಹಿಡಿದರೆ 1958ರಿಂದ, ಅವನು ಹಾಸಿಗೆ ಹಿಡಿದ 2010ರವರೆಗೆ ಸರಿಯಾಗುತ್ತದೆ. ಜಾಮ್ ಆದ ಮೋಟಾರಿಗೆ ಒಬ್ಬ ಮನುಷ್ಯ ಆಸೆಯಿಂದ ಒಂದೋ ಎರಡೋ ಸಲ ಎಣ್ಣೆ ಹಾಕಿಯಾನು. ಐವತ್ಮೂರು ಸಲ ಯಾಕೆ ಹಾಕುತ್ತಾನೆ?

1958 ಎಂದರೆ ಆ ಸರೋವರದ ಸುತ್ತ ಯಾರಿಗೂ ವಿವರಿಸಬೇಕಾಗಿಲ್ಲ. ಆ ವರ್ಷದ ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಹಳೇ ಮೋಟಾರುಗಳ ದೋಣಿ ಪಂದ್ಯದಲ್ಲಿ, ಮದುವೆಯಾಗಿ ಮೂರು ವಾರವಾಗಿದ್ದ ವಿಲ್ಮರ್ ಇದೇ ಮೋಟಾರಿನ ಗಾಲಿ ಬೀಸಿದ್ದೇ ತಡ, ಅವನ ದೋಣಿ ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ನುಗ್ಗಿ, ದಡದಲ್ಲಿ ದೋಣಿ ಕಟ್ಟುವ ಅಟ್ಟಣೆಗೆ ಗುದ್ದಿ, ಚರ್ಚಿನ ಹೆಂಗಸರು ಅದರ ಮೇಲೆ ಮಾರಾಟಕ್ಕಿಟ್ಟಿದ್ದ ಹಣ್ಣಿನ ಪೈಗಳ ಮೇಜನ್ನು ನೀರಿಗೆ ಕೆಡವಿತು. ಪೇಪರಿನಲ್ಲಿ ಫೋಟೋ ಬಂತು. ಅಂದಿನಿಂದ ಅವನು ರಿವರ್ಸ್ ವಿಲ್ಮರ್. ಟಪಾಲು ಕೊಡಲು ಹೋದರೆ ಮಕ್ಕಳು ಬೆನ್ನು ಮಾಡಿ ನಡೆದು ಬಂದು ಕಾಗದ ಇಸಿದುಕೊಳ್ಳುತ್ತಿದ್ದರು.

ಎಲ್ಲರಿಗಿಂತ ಚೆನ್ನಾಗಿ ಆ ಕಥೆ ಹೇಳುತ್ತಿದ್ದವಳು ಆರ್ಡಿಸ್. ಆಕೆ ಮೆಕ್ಯಾನಿಕ್ಕನ ಮಗಳು. ಹತ್ತು ವರ್ಷಕ್ಕೇ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿ ಜೋಡಿಸಿದವಳು, ಮೂವತ್ತು ವರ್ಷ ಇಡೀ ಜಿಲ್ಲೆಯ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡಿದವಳು, ಲೆನೋರಳ ಕೈಗೆ ಮೊದಲ ಸ್ಪ್ಯಾನರ್ ಕೊಟ್ಟವಳು. ಪ್ರತಿ ವರ್ಷ ಜುಲೈ ನಾಲ್ಕಕ್ಕೆ ಬಿಯರಿನಲ್ಲಿ ಬೇಯಿಸಿದ ಸಾಸೇಜು ಬಡಿಸುತ್ತ ಶುರುಮಾಡುತ್ತಿದ್ದಳು. "ಮೋಟಾರು ನಾನೇ ಬಿಚ್ಚಿ, ತೊಳೆದು, ಗಡಿಯಾರದ ಥರ ಜೋಡಿಸಿಕೊಟ್ಟಿದ್ದೆ ಕಣ್ರೀ. ಲಿವರ್ ಬಲಕ್ಕಿಟ್ಟು ಬೀಸು ಅಂತ ಹೇಳಿ ಕಳ್ಸಿದ್ದೆ. ಈ ಮಹಾರಾಯಂಗೆ ಬಲ ಯಾವ್ದು ಎಡ ಯಾವ್ದು ಗೊತ್ತಿದ್ರೆ ತಾನೆ!" ವಿಲ್ಮರ್ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನ ಅಂತ್ಯಕ್ರಿಯೆಯ ದಿನವೂ ಆಕೆ ಆ ಕಥೆ ಹೇಳಿದಳು. ಜನ ಕಣ್ಣೊರೆಸಿಕೊಂಡು ನಕ್ಕರು. ಲೆನೋರಳಿಗೆ ಮಾತ್ರ ಅವತ್ತು ನಗು ಬಂದಿರಲಿಲ್ಲ, ಸಿಟ್ಟು ಬಂದಿತ್ತು.

ಮಂಗಳವಾರ ಸಂಜೆ ಕೆಲಸ ಮುಗಿಸಿ ಬಂದವಳೇ ಹಿತ್ತಲಿನ ನೀರಿನ ತೊಟ್ಟಿಗೆ ಮೋಟಾರು ಸಿಕ್ಕಿಸಿದಳು. ಹೊಸ ಬ್ಯಾಟರಿ, ಹೊಸ ತಂತಿ, ಎಣ್ಣೆ ಬೆರೆಸಿದ ಪೆಟ್ರೋಲು. ಆ ಕಾಲದ ಮೋಟಾರಿಗೆ ಗೇರಿಲ್ಲ. ಕಿಡಿ ಹೊಡೆಯುವ ಗಳಿಗೆಯನ್ನು ಒಂದಿಷ್ಟು ಆಚೀಚೆ ಮಾಡಿದರೆ ಅದು ಎರಡು ದಿಕ್ಕಿಗೂ ಓಡುತ್ತದೆ. ಲಿವರನ್ನು ಬಲಕ್ಕೆ, ಅಂದರೆ ಹೊಗೆ ಕೊಳವೆಯ ಕಡೆಗೆ ತಳ್ಳಿದರೆ ಮುಂದಕ್ಕೆ. ಎಡಕ್ಕೆ ತಳ್ಳಿದರೆ ಹಿಂದಕ್ಕೆ. ಅವಳು ಲಿವರನ್ನು ಬಲಕ್ಕೆ ತಳ್ಳಿ ಗಾಲಿ ಬೀಸಿದಳು.

ಮೋಟಾರು ಮೂರನೆಯ ಬೀಸಿಗೇ ಹೊತ್ತಿಕೊಂಡಿತು. ತಪತಪತಪ ಎಂದು ಕುಣಿಯುತ್ತ ತೊಟ್ಟಿಯ ಅರ್ಧ ನೀರನ್ನು ಎತ್ತಿ ಅವಳ ಮುಖಕ್ಕೇ ಎರಚಿತು. ನೀರು ಬೀಳಬೇಕಾದದ್ದು ಆಚೆ ಕಡೆಗೆ. ಅವಳು ಒದ್ದೆ ಮುಖದಲ್ಲೇ ಬಗ್ಗಿ ಲಿವರ್ ನೋಡಿದಳು. ಅದು ಬಲಕ್ಕೇ ಇತ್ತು, ಮೋಟಾರು ಮಾತ್ರ ಹಿಂದಕ್ಕೆ ಓಡುತ್ತಿತ್ತು.

"ಅಯ್ಯೋ ಅಪ್ಪ," ಎಂದಳು ಗಟ್ಟಿಯಾಗಿ, ತೊಟ್ಟಿಯ ಮುಂದೆ ಒಬ್ಬಳೇ ನಿಂತು.

ಗಾಲಿಯ ನಟ್ಟು ಕೈಗೆ ಸಲೀಸಾಗಿ ಬಂತು. ಅದನ್ನೂ ವರ್ಷಾವರ್ಷ ಬಿಚ್ಚಿದ್ದರು ಎಂಬುದು ಆಗಲೇ ಗೊತ್ತಾಯಿತು. ಗಾಲಿ ಎತ್ತಿದರೆ ಅದರಡಿ ಒಂದು ಹಿತ್ತಾಳೆ ಬಳೆ. ಅದರ ಮೇಲಿನ ಉಬ್ಬು ತಾಕಿದಾಗ ಕಿಡಿ ಹೊಡೆಯುತ್ತದೆ. ಬಳೆಯ ಮೇಲೆ ಸಾಸಿವೆ ಗಾತ್ರದ ಕೆಂಪು ಚುಕ್ಕೆ ಒಂದು. ಅದರಡಿಯ ತಟ್ಟೆಯ ಮೇಲೆ ಅಂಥದ್ದೇ ಇನ್ನೊಂದು. ಎರಡೂ ಕೂದಲೆಳೆಯಷ್ಟೂ ತಪ್ಪದೆ ಎದುರುಬದುರು ಕೂತಿದ್ದವು. ಉಗುರಿಗೆ ಹಚ್ಚುವ ಬಣ್ಣ.

ಅಮ್ಮನ ಮನೆಯಲ್ಲಿ ಆ ಚುಕ್ಕೆ ಇಲ್ಲದ ವಸ್ತುವಿಲ್ಲ. ಒಲೆಯ ತಿರುವಿನ ಮೇಲೆ, ಬೀಗದ ಕೈ ಮೇಲೆ, ಹೊಲಿಗೆ ಯಂತ್ರದ ಹೊಟ್ಟೆಯೊಳಗೆ. ಬಿಚ್ಚುವ ಮುಂಚೆ ಚುಕ್ಕೆ ಇಡು, ಜೋಡಿಸುವಾಗ ಚುಕ್ಕೆಗೆ ಚುಕ್ಕೆ ಕೂಡಿಸು, ತಪ್ಪೋದಕ್ಕೆ ಸಾಧ್ಯವೇ ಇಲ್ಲ ಎಂದು ಲೆನೋರಳಿಗೆ ಕಲಿಸಿದ್ದೂ ಆಕೆಯೇ.

ಆದರೆ ಬಳೆ ಮಗುಚಿ ಕೂತಿತ್ತು. ಹಾಲ್‌ಗ್ರೆನ್‌ನವರು ಆ ಬಳೆಯನ್ನು ಯಾವ ಮೈ ಮೇಲಾದರೂ ಕೂರುವಂತೆ ಕೊರೆದಿದ್ದರು. ಲೆನೋರ್ ಅದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದಳು. ಇಪ್ಪತ್ತೆರಡರ ಹೊಸ ಮದುವಣಗಿತ್ತಿ, ಬಳೆಯನ್ನು ಬಿಚ್ಚಿದ ಮೇಲೆ ಚುಕ್ಕೆಯ ನೆನಪಾಗಿ, ಪೇಪರಿನ ಮೇಲೆ ಬೋರಲು ಬಿದ್ದಿದ್ದ ಬಳೆಯ ಬೆನ್ನಿಗೆ ಬಣ್ಣ ಹಚ್ಚಿದ್ದಾಳೆ. ಆಮೇಲೆ ಚುಕ್ಕೆಗೆ ಚುಕ್ಕೆ ಕೂಡಿಸಿದ್ದಾಳೆ. ಅಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದರಿಂದಲೇ ತಪ್ಪು ಕಣ್ಣಿಗೆ ಬಿದ್ದಿಲ್ಲ.

ಅಪ್ಪನ ಕಣ್ಣಿಗೆ ಬಿದ್ದಿತ್ತು. ಪಂದ್ಯವಾದ ಮೇಲೆ ಬಿಚ್ಚಿ ನೋಡಿದ್ದಾನೆ, ಕೆಂಪು ಚುಕ್ಕೆ ಕಂಡಿದ್ದಾನೆ, ಹೇಗಿತ್ತೋ ಹಾಗೇ ಮುಚ್ಚಿದ್ದಾನೆ. ಐದು ನಿಮಿಷದಲ್ಲಿ ಬಳೆ ತಿರುವಿ ಹಾಕಬಹುದಿತ್ತು. ಆದರೆ ಮೋಟಾರು ಸರಿಯಾಗಿ ಓಡಿದರೆ, ಅವತ್ತು ಅದಕ್ಕೇನಾಗಿತ್ತು ಎಂದು ಜನ ಕೇಳುತ್ತಾರೆ. ಜಾಮ್ ಆಗಿದೆ ಎಂದರೆ ಯಾರೂ ಏನೂ ಕೇಳುವುದಿಲ್ಲ. ಆದರೂ ತುಕ್ಕು ಹಿಡಿಯಲು ಬಿಡಲಿಲ್ಲ.

ಲೆನೋರಳಿಗೆ ಅಪ್ಪನ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಅದರ ಹಿಂದೆಯೇ ಅಷ್ಟೇ ಕೋಪವೂ ಬಂತು. ನನಗಾದರೂ ಹೇಳಬಾರದಿತ್ತೇ?

ಆದರೂ ಒಂದು ಅನುಮಾನ ಉಳಿದಿತ್ತು. ಅಪ್ಪ ಅವತ್ತು ಲಿವರನ್ನು ನಿಜಕ್ಕೂ ಬಲಕ್ಕೇ ಇಟ್ಟಿದ್ದನೇ? ಅದನ್ನು ಕೇಳಲು ಅವಳು ಗುನ್ನರ್ ಸೆಲ್ವಿಗ್‌ನ ಮನೆಗೆ ಹೋದಳು. ಎಂಬತ್ತರ ಗುನ್ನರ್ ಹಳೇ ಮೋಟಾರಿನವರ ಸಂಘದ ಹಿರಿಯ, 1958ರ ಪಂದ್ಯ ಗೆದ್ದವನು. ಗೆದ್ದ ಬಟ್ಟಲು ಇವತ್ತಿಗೂ ಟಿ.ವಿ. ಮೇಲಿದೆ.

"ಎಡಕ್ಕೇ ಇಟ್ಟಿದ್ದ ಕಣಮ್ಮ, ಎಲ್ಲರಿಗೂ ಗೊತ್ತಿರೋದೇ," ಎಂದ ಗುನ್ನರ್.

"ನೀವು ಕಣ್ಣಾರೆ ನೋಡಿದ್ರಾ?"

"ನಾನು ನನ್ನ ಗಾಲಿ ಬೀಸ್ತಿದ್ದೆ. ಅವನ ಲಿವರ್ ನೋಡ್ಕೊಂಡು ಕೂತಿದ್ರೆ ಬಟ್ಟಲು ಬರ್ತಿತ್ತಾ?"

"ಮತ್ತೆ ಎಡಕ್ಕೆ ಅಂತ ಯಾರು ಹೇಳಿದ್ದು?"

ಗುನ್ನರ್ ಕೆನ್ನೆ ಕೆರೆದುಕೊಂಡ. "ನಿಮ್ಮಮ್ಮ ಹೇಳಿದ್ದು. ಇನ್ಯಾರು? ಅವಳ ಮಾತಿಗೆ ಎದುರು ಮಾತಾಡೋ ಗಂಡಸು ಈ ಕೌಂಟೀಲಿ ಇದಾನಾ?"

ಪೇಪರಿನ ಆ ಫೋಟೋವನ್ನು ಅವನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ. ಲೆನೋರ್ ಅದನ್ನು ಸಾವಿರ ಸಲ ನೋಡಿದ್ದಳು. ಪೈ ಮೆತ್ತಿದ ಅಪ್ಪನ ಮುಖ, ಬಾಯಿ ಬಿಟ್ಟುಕೊಂಡ ಹೆಂಗಸರು. ಈಗ ಭೂತಗನ್ನಡಿ ಇಸಿದುಕೊಂಡು ಮೊದಲ ಬಾರಿಗೆ ಮೋಟಾರನ್ನು ನೋಡಿದಳು. ಲಿವರಿಗೆ ಬಿಳಿ ಬೊಟ್ಟುಗಳ ತಲೆವಸ್ತ್ರವೊಂದನ್ನು ಕಟ್ಟಿ, ಅದರ ಇನ್ನೊಂದು ತುದಿಯನ್ನು ಹೊಗೆ ಕೊಳವೆಗೆ ಬಿಗಿಯಲಾಗಿತ್ತು. ಜಾರದ ಹಾಗೆ ಕಟ್ಟಿಹಾಕಿದ ಲಿವರು. ಕೊಳವೆಯ ಕಡೆಗೆ, ಬಲಕ್ಕೆ.

"ಇದ್ಯಾರ ತಲೆವಸ್ತ್ರ?"

"ನಿಮ್ಮಮ್ಮಂದು. ಹೊಸ ಹೆಂಡ್ತೀದು ಅಂತ ಬಾವುಟದ ಥರ ಕಟ್ಕೊಂಡು ಮೆರೀತಿದ್ದ," ಎಂದು ನಕ್ಕ ಗುನ್ನರ್. "ಯಾಕೆ ಇಷ್ಟೆಲ್ಲ ಪೊಲೀಸ್ ವಿಚಾರಣೆ? ಮೋಟಾರು ಓಡ್ತಾ?"

"ಓಡುತ್ತೆ."

ಗುನ್ನರನ ಕಣ್ಣು ಚಿಕ್ಕ ಹುಡುಗನ ಕಣ್ಣಿನಂತಾಯಿತು. "ಹಂಗಾದ್ರೆ ಜೂನ್ ಹದಿನಾಲ್ಕರ ಕೂಟಕ್ಕೆ ತರ್ತೀಯ. ಮೊದಲ ಬೀಸು ಯಾರದ್ದು ಅಂತ ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಸಂಘದ ಕೂಟದಲ್ಲಿ ಸತ್ತ ಮೋಟಾರೊಂದು ಮತ್ತೆ ನೀರಿಗೆ ಬಂದರೆ ಅದರ ಮೊದಲ ಬೀಸು ರಿಪೇರಿ ಮಾಡಿದವರದಲ್ಲ, ಮಾಲೀಕರದೂ ಅಲ್ಲ. ಅಲ್ಲಿ ನೆರೆದವರಲ್ಲಿ ಯಾರು ಆ ಮೋಟಾರನ್ನು ಎಲ್ಲರಿಗಿಂತ ಹೆಚ್ಚು ಕಾಲದಿಂದ ಬಲ್ಲರೋ ಅವರದು. ಹಾಲ್‌ಗ್ರೆನ್ನನ್ನು ಆರ್ಡಿಸ್‌ಗಿಂತ ಹೆಚ್ಚು ಕಾಲದಿಂದ ಬಲ್ಲವರು ಯಾರೂ ಉಳಿದಿರಲಿಲ್ಲ.

ಆಮೇಲಿನ ಎರಡು ವಾರ ಲೆನೋರ್ ಬಸ್ಸಿನಡಿ ಮಲಗಿದ್ದರೂ ತಲೆಯೆಲ್ಲ ಆ ಬಳೆಯ ಮೇಲೇ. ಬಾಯಿಬಿಟ್ಟರೆ ಅಪ್ಪ ಐವತ್ಮೂರು ವರ್ಷ ಕಾಪಾಡಿದ್ದು ಒಂದೇ ಮಾತಿಗೆ ನೀರುಪಾಲು. ತನ್ನ ಕೈಗೆಲಸವೊಂದನ್ನೇ ನೆಚ್ಚಿ ತಲೆಯೆತ್ತಿ ಬದುಕಿದ ಎಪ್ಪತ್ತೆಂಟರ ಮುದುಕಿಗೆ, ಗಂಡನನ್ನು ಹೆಣದ ಪೆಟ್ಟಿಗೆಯ ಪಕ್ಕದಲ್ಲೂ ಆಡಿಕೊಂಡೆಯಲ್ಲ, ತಪ್ಪು ನಿನ್ನದು ಎಂದು ಹೇಳಿದ ಹಾಗೆ. ಸುಮ್ಮನಿದ್ದರೆ ಅಪ್ಪ ಎಂದೆಂದಿಗೂ ಎಡಬಲ ತಿಳಿಯದ ದಡ್ಡ. ಬಳೆಯನ್ನು ಹಾಗೇ ಬಿಟ್ಟು ಕೂಟಕ್ಕೆ ಒಯ್ಯಲೇ? ಅಮ್ಮನ ಕೈಯಿಂದಲೇ ಹಿಂದಕ್ಕೆ ಓಡಲಿ, ಊರೆಲ್ಲ ನೋಡಲಿ. ಈ ಯೋಚನೆ ಬಂದಾಗ ಅವಳಿಗೆ ಒಂದು ಕ್ಷಣ ಖುಷಿಯಾಯಿತು. ಮರುಕ್ಷಣ ನಾಚಿಕೆಯಾಯಿತು.

ಕೂಟದ ಹಿಂದಿನ ದಿನ ಬಳೆಯನ್ನು ಸರಿಯಾಗಿ ತಿರುವಿ ಹಾಕಿದಳು. ಕೆಂಪು ಚುಕ್ಕೆ ಕೆಳಮುಖವಾಗಿ ಮರೆಯಾಯಿತು. ತಪ್ಪು ಗೊತ್ತಿದ್ದೂ ಹಾಗೇ ಬಿಡಲು ಅವಳೇನು ವಿಲ್ಮರ್ ಅಲ್ಲ. ಆದರೆ ಬಾಯಿ ಮುಚ್ಚಿಕೊಂಡಿರುವ ವಿಷಯದಲ್ಲಿ ಅಪ್ಪನ ಮಗಳೇ ಆಗುವುದೆಂದು ನಿಶ್ಚಯಿಸಿದಳು.

ಹದಿನಾಲ್ಕರ ಬೆಳಗ್ಗೆ ಸರೋವರದ ದಂಡೆಯಲ್ಲಿ ನೀಲಿ ಹೊಗೆ ಆಗಲೇ ಕವಿದಿತ್ತು. ಮೂವತ್ತು ನಲವತ್ತು ಮೋಟಾರುಗಳು ಹಲಗೆಗಳ ಮೇಲೆ ಸಾಲಾಗಿ ಕೂತಿದ್ದವು. ಒಬ್ಬನ ಮೋಟಾರಿಗೆ ಇನ್ನೊಬ್ಬ ಬಗ್ಗಿ ಮೂಗು ತೂರಿಸುವುದು, ಇದರ ಕಾರ್ಬುರೇಟರ್ ಇದರದ್ದಲ್ಲ ಎನ್ನುವುದು, ಜಗಳ, ಹುರಿದ ಮೀನಿನ ಮೇಲೆ ರಾಜಿ. ಆರ್ಡಿಸ್ ಉಗುರಿಗೆ ಕೆಂಪು ಬಣ್ಣ ಹಚ್ಚಿಕೊಂಡು, ಇಸ್ಪೀಟಿನ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಬಂದಿದ್ದಳು. ಗುನ್ನರ್ ಕೀಟಲೆಗೆಂದೇ ಆ ಫೋಟೋವನ್ನು ತಂದು ಅಟ್ಟಣೆಯ ಕಂಬಕ್ಕೆ ಮೊಳೆ ಹೊಡೆದಿದ್ದ. ಆರ್ಡಿಸ್ ಅದರ ಮುಂದೆ ನಿಂತು ನಕ್ಕಳು, ಆಮೇಲೆ ಹತ್ತಿರ ಹೋಗಿ ನೋಡಿದಳು.

"ನನ್ನ ಬೊಟ್ಟಿನ ತಲೆವಸ್ತ್ರ. ಕಳ್ದೋಯ್ತು ಅಂತ ವರ್ಷಗಟ್ಟಲೆ ಹುಡುಕಿದ್ದೆ."

ಗುನ್ನರ್ ತುತ್ತೂರಿಯಂಥ ಧ್ವನಿವರ್ಧಕ ಎತ್ತಿದ. "ಎಲ್ಲರೂ ಕೇಳ್ರಪ್ಪಾ! ರಿವರ್ಸ್ ವಿಲ್ಮರನ ಮೋಟಾರು ಐವತ್ತಾರು ವರ್ಷ ಆದ್ಮೇಲೆ ನೀರಿಗಿಳೀತಿದೆ. ಅಟ್ಟಣೆ ಮೇಲಿರೋರು ಪೈಗಳನ್ನ ದೂರ ಇಟ್ಕೊಳ್ಳಿ!"

ಜನ ಹೋ ಎಂದರು. ಆರ್ಡಿಸ್ ಯಾರ ಕೈಯನ್ನೂ ಹಿಡಿಯದೆ ದೋಣಿಗೆ ಇಳಿದು ಮೋಟಾರಿನ ಪಕ್ಕ ಕೂತಳು. ಲೆನೋರ್ ನಡುವಿನ ಹಲಗೆಯ ಮೇಲೆ ಕೂತು ಹುಟ್ಟು ಹಾಕಿ ದೋಣಿಯನ್ನು ಒಂದಿಷ್ಟು ಆಚೆ ತಂದಳು. ಮುದುಕಿ ಗಾಲಿಯ ಮೇಲೆ ಅಂಗೈ ಆಡಿಸಿದಳು, ತಂತಿ ನೋಡಿದಳು, ಟ್ಯಾಂಕಿನ ಮುಚ್ಚಳ ತಿರುವಿದಳು.

"ಬಿಚ್ಚಿದ್ದೀಯಾ?"

"ಬಿಚ್ಚಿದ್ದೆ."

"ಕೆಳಗೆ ನನ್ನ ಚುಕ್ಕೆ ಇದ್ವಾ?"

"ಇದ್ವು."

"ಚುಕ್ಕೆಗೆ ಚುಕ್ಕೆ ಕೂಡ್ಸಿದ್ದೀಯಾ?"

ಲೆನೋರ್ ಹುಟ್ಟನ್ನು ಒಳಗೆಳೆದುಕೊಂಡಳು. "ಕೂಡ್ಸಿದ್ದೀನಮ್ಮ."

ಆರ್ಡಿಸ್ ಲಿವರನ್ನು ಬಲಕ್ಕೆ ತಳ್ಳಿ ಗಾಲಿ ಬೀಸಿದಳು. ಎರಡನೆಯ ಬೀಸಿಗೆ ಹೊತ್ತಿಕೊಂಡಿತು; ಆಕೆಯ ಕೈ ಸರಕ್ಕನೆ ಹಿಂದೆ ಬಂತು. ದೋಣಿ ಮೂಗೆತ್ತಿ ನೆಟ್ಟಗೆ ಮುಂದಕ್ಕೆ ಹೊರಟಿತು. ದಂಡೆಯಲ್ಲಿ ಚಪ್ಪಾಳೆ, ಸಿಳ್ಳೆ. ಆರ್ಡಿಸ್ ಟೋಪಿ ಬೀಸಿ ಕೂಗಿದಳು. "ನೋಡಿದ್ರಾ! ಮೋಟಾರಿಗೆ ಏನೂ ಆಗಿರ್ಲಿಲ್ಲ. ಆ ಮನುಷ್ಯಂಗೆ ಬಲ ಯಾವ್ದು..."

ಮಾತು ಅಲ್ಲಿಗೇ ನಿಂತಿತು. ಆಕೆ ಲಿವರಿನ ಮೇಲಿದ್ದ ತನ್ನ ಕೈಯನ್ನು ನೋಡಿದಳು. ಆಮೇಲೆ ಅದರ ಪಕ್ಕದ ಹೊಗೆ ಕೊಳವೆಯನ್ನು ನೋಡಿದಳು. ದೋಣಿ ಸರೋವರದ ನಡುವಿಗೆ ಬಂದಿತ್ತು. ಯಂತ್ರ ಕೆಟ್ಟಾಗ ಅಮ್ಮನ ಮುಖ ಹೇಗಾಗುತ್ತದೆ ಎಂದು ಲೆನೋರಳಿಗೆ ಗೊತ್ತು. ಹುಬ್ಬು ಗಂಟಾಗುತ್ತದೆ, ನಾಲಗೆಯ ತುದಿ ತುಟಿಯ ಮೂಲೆಗೆ ಬರುತ್ತದೆ, ಉತ್ತರ ಸಿಗುವವರೆಗೂ ಊಟವಿಲ್ಲ. ಮಗಳ ಕುತೂಹಲ ಎಲ್ಲಿಂದ ಬಂತು ಎಂದು ಯಾರೂ ದೂರ ಹುಡುಕಬೇಕಾಗಿರಲಿಲ್ಲ.

"ನೋರಿ."

"ಏನಮ್ಮ?"

"ಆ ಫೋಟೋದಲ್ಲಿ ನನ್ನ ತಲೆವಸ್ತ್ರ ಲಿವರನ್ನ ಕೊಳವೆಗೆ ಕಟ್ಟಿತ್ತು. ಶೋಕಿಗೆ ಕಟ್ಟಿದ್ದಲ್ಲ ಅದು. ಲಿವರ್ ಬಲದಿಂದ ಜಾರಬಾರದು ಅಂತ ಕಟ್ಟಿದ್ದು." ಆಕೆ ಮಗಳ ಕಡೆ ನೋಡದೆ, ಮೋಟಾರಿನ ಜೊತೆ ಮಾತಾಡುವವಳಂತೆ ಹೇಳಿದಳು. "ಅವತ್ತು ಚುಕ್ಕೆ ಕೂಡಿತ್ತು, ನಾನೇ ಕೂಡ್ಸಿದ್ದು. ಲಿವರ್ ಬಲಕ್ಕಿತ್ತು. ದೋಣಿ ಹಿಂದಕ್ಕೆ ಹೋಯ್ತು. ಇವತ್ತೂ ಚುಕ್ಕೆ ಕೂಡಿದೆ ಅಂತೀಯ. ಲಿವರ್ ಬಲಕ್ಕಿದೆ. ದೋಣಿ ಮುಂದಕ್ಕೆ ಹೋಗ್ತಿದೆ. ಎರಡೂ ನಿಜ ಆಗೋಕೆ ಸಾಧ್ಯ ಇಲ್ಲ."

ಆಕೆ ಈಗ ಮಗಳ ಕಡೆ ತಿರುಗಿದಳು.

"ಬಳೆ ಮಗುಚಿತ್ತಾ?"

"ಹೂಂ."

"ಅದರ ಬೆನ್ನಿಗೆ ಚುಕ್ಕೆ ಇಟ್ಟಿದ್ನಾ ನಾನು?"

"ಹೂಂ ಅಮ್ಮ."

"ಥೂ ನನ್ನ ಬುದ್ಧಿಗಿಷ್ಟು!" ಎಂದು ಆರ್ಡಿಸ್ ತೊಡೆಗೆ ಬಡಿದುಕೊಂಡಳು. ತಕ್ಷಣ ಇನ್ನೊಂದು ಯೋಚನೆ ಬಂದು ಆಕೆಯ ಕೈ ನಿಂತಿತು. "ನಿಮ್ಮಪ್ಪ ಬಿಚ್ಚಿ ನೋಡಿದ್ರಾ? ನಿಜ ಹೇಳು. ಅವ್ರಿಗೆ ಗೊತ್ತಿತ್ತಾ?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಲೆನೋರ್ ಕಾಲಡಿಯಿದ್ದ ಮರದ ಪೆಟ್ಟಿಗೆಯ ಮುಚ್ಚಳ ತೆಗೆದು ತಾಯಿಯ ಮಡಿಲಲ್ಲಿಟ್ಟಳು. "ವರ್ಷಕ್ಕೊಂದು ಸಲ ಬಿಚ್ಚಿ ಎಣ್ಣೆ ಹಾಕಿದ್ದಾರೆ. ಬಳೆ ಹಂಗೇ ಬಿಟ್ಟಿದ್ದಾರೆ. ಜಾಮ್ ಆಗಿರ್ಲೇ ಇಲ್ಲ ಅಮ್ಮ ಅದು. ಒಂದು ದಿನಾನೂ."

ಆರ್ಡಿಸ್ ಕೆಂಪು ಉಗುರಿನಿಂದ ಗೀಟುಗಳನ್ನು ಒಂದೊಂದಾಗಿ ಮುಟ್ಟುತ್ತ ಹೋದಳು. ಮೋಟಾರು ತಪತಪ ಎನ್ನುತ್ತ ದೋಣಿಯನ್ನು ತನ್ನ ಪಾಡಿಗೆ ತಾನು ದೊಡ್ಡ ಸುತ್ತು ಹೊಡೆಸುತ್ತಿತ್ತು. ಮುದುಕಿ ಅತ್ತಳು. ಮರೆಮಾಡದೆ, ಮೂಗು ಒರೆಸಿಕೊಂಡು, ನಡುವೆ ಬೈಯುತ್ತ ಅತ್ತಳು.

"ಐವತ್ತು ವರ್ಷ ಆಡಿಕೊಂಡೆನಲ್ಲೇ. ಸತ್ತಾಗಲೂ ಬಿಡಲಿಲ್ಲ. ಒಂದು ದಿನ, ಒಂದೇ ಒಂದು ದಿನ ಆ ಪುಣ್ಯಾತ್ಮ ತಿರುಗಿಸಿ ಒಂದು ಮಾತು ಅನ್ಬಾರ್ದಿತ್ತಾ? ಅಂದಿದ್ರೆ ನಾನೇನು ಸತ್ತೋಗ್ತಿದ್ನಾ?"

"ನೀನು ಮತ್ತೆ ಸ್ಪ್ಯಾನರ್ ಮುಟ್ತಿರ್ಲಿಲ್ಲ ಅಂತ ಹೆದರಿದ್ರೇನೋ."

ಆರ್ಡಿಸ್ ಯೋಚಿಸಿದಳು. "ಮುಟ್ತಿರ್ಲಿಲ್ಲ," ಎಂದು ಒಪ್ಪಿಕೊಂಡಳು. "ಆಗಿನ ನನ್ನ ಜಂಬಕ್ಕೆ, ಖಂಡಿತ ಮುಟ್ತಿರ್ಲಿಲ್ಲ."

ದೂರದ ದಂಡೆಯಿಂದ ಗುನ್ನರನ ಧ್ವನಿವರ್ಧಕ ಏನೋ ಕೂಗುತ್ತಿತ್ತು. ಆರ್ಡಿಸ್ ಮುಖ ಒರೆಸಿಕೊಂಡು, ಮೋಟಾರಿನ ಹಿಡಿ ತಿರುಗಿಸಿ, ದೋಣಿಯನ್ನು ಅಟ್ಟಣೆಯ ಕಡೆಗೆ ತಂದಳು. ಜನರ ಮುಖಗಳು ಕಾಣುವಷ್ಟು ಹತ್ತಿರ ಬಂದಾಗ ದೋಣಿಯನ್ನು ಪೂರ್ತಿ ಸುತ್ತಿಸಿ, ಮೋಟಾರಿರುವ ಬೆನ್ನನ್ನು ಅಟ್ಟಣೆಗೆ ಮಾಡಿ ನಿಲ್ಲಿಸಿದಳು.

"ಗಟ್ಟಿಯಾಗಿ ಹಿಡ್ಕೊ," ಎಂದಳು ಮಗಳಿಗೆ.

ಒಂದು ಬೆರಳಿನಿಂದ ಕಿಡಿ ನಿಲ್ಲಿಸುವ ಗುಂಡಿ ಒತ್ತಿದಳು. ಗಾಲಿ ಏದುಸಿರು ಬಿಟ್ಟು ಇನ್ನೇನು ನಿಲ್ಲಬೇಕು ಎನ್ನುವಾಗ ಲಿವರನ್ನು ಎಡಕ್ಕೆ ತಳ್ಳಿ ಗುಂಡಿ ಬಿಟ್ಟಳು. ಮೋಟಾರು ಒಮ್ಮೆ ಒದ್ದು ಹಿಮ್ಮುಖವಾಗಿ ಓಡತೊಡಗಿತು. ದೋಣಿ ಬೆನ್ನು ಮುಂದಾಗಿ, ಎರಡೂ ಕಡೆ ನೀರು ಎರಚುತ್ತ, ನೇರ ಅಟ್ಟಣೆಗೆ ನುಗ್ಗಿತು. ಇಸ್ಪೀಟಿನ ಗೆಳತಿಯರು ಕಿರುಚಿ ಪೈ ತಟ್ಟೆಗಳನ್ನು ಎತ್ತಿಕೊಂಡರು. ಎರಡು ಮಾರು ದೂರವಿರುವಾಗ ಆಕೆ ಮತ್ತೆ ಗುಂಡಿ ಒತ್ತಿದಳು. ದೋಣಿ ತೇಲಿಬಂದು ಅಟ್ಟಣೆಯ ಕಂಬಕ್ಕೆ, ಫೋಟೋ ಇದ್ದ ಕಂಬಕ್ಕೇ, ಮೆತ್ತಗೆ ತಾಗಿ ನಿಂತಿತು.

ಗುನ್ನರ್ ಧ್ವನಿವರ್ಧಕವನ್ನು ಬಾಯಿಗೆ ಹಿಡಿದುಕೊಂಡೇ ಅಟ್ಟಣೆಯ ಅಂಚಿಗೆ ಬಂದ.

"ಕೇಳೋ ಗುನ್ನರ್," ಎಂದಳು ಆರ್ಡಿಸ್, ದೋಣಿಯಲ್ಲೇ ಎದ್ದು ನಿಂತು. ಆಕೆಯ ಕಣ್ಣು ಇನ್ನೂ ಕೆಂಪಗಿತ್ತು. "ಆವತ್ತು ವಿಲ್ಮರ್ ಲಿವರನ್ನ ಬಲಕ್ಕೇ ಇಟ್ಟಿದ್ರು. ಫೋಟೋ ನಿನ್ನ ಗೋಡೆ ಮೇಲೇ ಇತ್ತು, ನೀನೂ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ. ಬಳೆ ತಲೆಕೆಳಗೆ ಹಾಕಿದ್ದು ನಾನು. ಅದು ಅವ್ರಿಗೆ ಗೊತ್ತಿತ್ತು. ಗೊತ್ತಿದ್ದೂ ಸಾಯೋ ತನಕ ನನ್ನ ಜೊತೆ ನಕ್ಕರು."

ಗುನ್ನರ್ ಧ್ವನಿವರ್ಧಕವನ್ನು ನಿಧಾನವಾಗಿ ಕೆಳಗಿಳಿಸಿದ.

"ಇಳಿಸ್ಬೇಡ, ಎತ್ತು ಅದನ್ನ," ಎಂದಳು ಆರ್ಡಿಸ್. "ಇಡೀ ಸರೋವರಕ್ಕೆ ಕೇಳೋ ಹಂಗೆ ಹೇಳು. ಇವತ್ತಿಂದ ರಿವರ್ಸ್ ಆರ್ಡಿಸ್ ಅನ್ನು."

ಗುನ್ನರ್ ಲೆನೋರಳ ಮುಖ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದ ಮೇಲೆ ಧ್ವನಿವರ್ಧಕ ಎತ್ತಿ ಆ ಹೆಸರನ್ನು ಕೂಗಿದ.